ಕ್ರಿಸ್ತನ ಪುನರಾಗಮನ: ೧೮೪೪ರ ಒಂದು ಪಾಠ

ಕಳೆದ ವರ್ಷ ಅಮೆರಿಕದ ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಹತ್ತೊಂಬತ್ತನೆಯ ಶತಮಾನದ ಧಾರ್ಮಿಕ ಚಳವಳಿಗಳನ್ನು ವಿವರಿಸುತ್ತಿದ್ದರು. ೧೮೪೪ನೆಯ ಇಸವಿ ಅಕ್ಟೋಬರ್ ೨೨ರಂದು ಯೇಸುಕ್ರಿಸ್ತನು ಮತ್ತೆ ಭೂಮಿಗೆ ಬರುವನೆಂದು ನಂಬಿ ಸಾವಿರಾರು ಜನ ಕಾದು ಕುಳಿತಿದ್ದರೆಂದೂ, ಅವರಲ್ಲಿ ಕೆಲವು ರೈತರು ಇನ್ನು ಬೆಳೆಯಿಂದ ಆಗಬೇಕಾದುದೇನು ಎಂದು ಹೊಲದ ಆಲೂಗೆಡ್ಡೆಯನ್ನು ಅಗೆಯದೆ ಬಿಟ್ಟಿದ್ದರೆಂದೂ ಅವರು ಹೇಳಿದಾಗ ತರಗತಿಯಲ್ಲಿ ನಗು ಎದ್ದಿತು. ನಾನೂ ನಕ್ಕೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಕ್ರೈಸ್ತ ಮಿತ್ರನೊಬ್ಬ ಮಾತ್ರ ನಗಲಿಲ್ಲ. ಗಂಟೆ ಹೊಡೆದು ಹೊರಗೆ ಬಂದ ಮೇಲೆ ಅವನು ನನ್ನನ್ನು ಕೇಳಿದ: “ನೀವೆಲ್ಲ ನಕ್ಕದ್ದು ಆ ತಾರೀಖಿಗೋ, ಅದರ ಹಿಂದಿನ ಆಸೆಗೋ? ತಾರೀಖಿಗಾದರೆ ನಗಿ, ನನ್ನ ಅಡ್ಡಿಯಿಲ್ಲ. ಆಸೆಗಾದರೆ, ಪ್ರತಿ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ನಾನೂ ಅದನ್ನೇ ಒಪ್ಪಿ ಹೇಳುತ್ತೇನೆ.”

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಎದ್ದು ನಿಂತು ಹೇಳುವುದು ಏನು ಎಂಬುದೇ ನನಗೆ ತಿಳಿದಿರಲಿಲ್ಲ. ತಿಳಿಯದುದನ್ನು ನಕ್ಕೆನೆಂಬ ನಾಚಿಕೆಯಿಂದ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಓದಿದುದರಲ್ಲಿ ಕೆಲವನ್ನು ಈ ಲೇಖನದಲ್ಲಿ ವಾಚಕರ ಮುಂದಿಡಲು ಯತ್ನಿಸಿದ್ದೇನೆ. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರದಲ್ಲಿ ಪರಿಶ್ರಮವುಳ್ಳವನೂ ಅಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ, ಒಂದು ನಂಬಿಕೆ ಮನುಷ್ಯರ ಕೈಯಲ್ಲಿ ಯಾವ ಯಾವ ರೂಪವನ್ನು ತಾಳಿತು ಎಂಬುದನ್ನಷ್ಟೇ ಹೇಳಬಲ್ಲೆ.

ನಂಬಿಕೆಯ ತಿರುಳು

ಯೇಸುಕ್ರಿಸ್ತನು ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಎದ್ದು, ಸ್ವರ್ಗಕ್ಕೆ ಏರಿಹೋದನೆಂದು ಕ್ರೈಸ್ತರು ನಂಬುತ್ತಾರೆಂಬುದು ನಮಗೆಲ್ಲ ತಿಳಿದ ವಿಷಯ. ಕಥೆ ಅಲ್ಲಿಗೆ ಮುಗಿಯಲಿಲ್ಲ, ಅದರ ಕೊನೆಯ ಅಂಕ ಇನ್ನೂ ಬರಬೇಕಾಗಿದೆ ಎಂಬುದು ಅವರ ನಂಬಿಕೆಯ ಮತ್ತೊಂದು ಭಾಗ. ಹೋದವನು ಮಹಿಮೆಯೊಡನೆ ಮತ್ತೆ ಬರುವನು. ಸತ್ತವರು ಎದ್ದು ನಿಲ್ಲುವರು. ಬದುಕಿರುವವರಿಗೂ ಸತ್ತವರಿಗೂ ಅವನು ನ್ಯಾಯತೀರಿಸುವನು. ಆಮೇಲೆ ಹಳೆಯ ಲೋಕ ಕಳೆದು ಹೊಸ ಆಕಾಶ, ಹೊಸ ಭೂಮಿ ಉಂಟಾಗುವುವು. ೩೨೫ರಲ್ಲಿ ನಿಕೇಯ ನಗರದಲ್ಲಿ ಸೇರಿದ ಧರ್ಮಸಭೆಯೂ ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸೇರಿದ ಸಭೆಯೂ ಇದನ್ನು ವಿಶ್ವಾಸ ಪ್ರಮಾಣದಲ್ಲಿ ಸೇರಿಸಿದುವು. ನನ್ನ ಮಿತ್ರ ಎದ್ದು ನಿಂತು ಹೇಳುವುದು ಈ ಪ್ರಮಾಣವನ್ನೇ. ರೋಮನ್ ಕ್ಯಾಥೊಲಿಕರು, ಪೂರ್ವದ ಆರ್ಥೊಡಾಕ್ಸರು, ಪ್ರೊಟೆಸ್ಟೆಂಟರು ಎಷ್ಟೋ ವಿಷಯಗಳಲ್ಲಿ ಬೇರೆಬೇರೆಯಾದರೂ ಈ ಒಂದು ವಿಷಯದಲ್ಲಿ ಒಂದೇ ಮಾತಿನವರು.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಈ ಬರವಿಗೆ ‘ಪರೂಸಿಯ’ ಎಂಬ ಪದವಿದೆ. ಸಾಮ್ರಾಟನೋ ದೊಡ್ಡ ಅಧಿಕಾರಿಯೋ ಒಂದು ಪಟ್ಟಣಕ್ಕೆ ದಯಮಾಡಿಸುವುದಕ್ಕೂ ಆ ಕಾಲದ ಜನ ಇದೇ ಪದವನ್ನು ಬಳಸುತ್ತಿದ್ದರು. ಬರುವವನನ್ನು ಎದುರುಗೊಳ್ಳಲು ಊರವರು ಊರಬಾಗಿಲಿನಿಂದಾಚೆ ಹೋಗಿ ನಿಲ್ಲುತ್ತಿದ್ದರು. ಕನ್ನಡ ಕ್ರೈಸ್ತರು ಇದನ್ನು ‘ಪುನರಾಗಮನ’ ಎಂದೂ, ಅಚ್ಚಗನ್ನಡದಲ್ಲಿ ‘ಎರಡನೆಯ ಬರೋಣ’ ಎಂದೂ ಕರೆಯುತ್ತಾರೆ. ಇನ್ನೊಂದು ಹಳೆಯ ಪದ ‘ಮರನಾಥ’. ಇದು ಯೇಸುವಿನ ಮನೆಮಾತಾಗಿದ್ದ ಅರಮಾಯಿಕ್ ಭಾಷೆಯದು. ನಮ್ಮ ಒಡೆಯನೇ ಬಾ ಎಂದು ಅದರ ಅರ್ಥ. ಪದವನ್ನು ಬೇರೆ ರೀತಿಯಲ್ಲಿ ಬಿಡಿಸಿದರೆ ನಮ್ಮ ಒಡೆಯನು ಬಂದಿದ್ದಾನೆ ಎಂದೂ ಆಗುವುದು. ಪೌಲನು ಕೊರಿಂಥದವರಿಗೆ ಗ್ರೀಕಿನಲ್ಲಿ ಪತ್ರ ಬರೆಯುವಾಗಲೂ ಈ ಪದವನ್ನು ಅನುವಾದಿಸದೆ ಹಾಗೆಯೇ ಇಟ್ಟನು. ಅದು ಆಗಲೇ ಎಲ್ಲರ ನಾಲಗೆಯ ಮೇಲಿದ್ದ ಪ್ರಾರ್ಥನೆಯಾಗಿತ್ತೆಂದು ಇದರಿಂದ ಊಹಿಸಬಹುದು.

ಇದನ್ನು ಓದುವಾಗ ನಮಗೆ ಕಲ್ಕಿಯ ಅವತಾರವೂ ಪ್ರಳಯವೂ ನೆನಪಾಗುವುದು ಸಹಜ. ಆದರೆ ಹೋಲಿಕೆಗಿಂತ ಭೇದವೇ ಹೆಚ್ಚು. ನಮ್ಮ ಪುರಾಣಗಳಲ್ಲಿ ಕಾಲವು ಚಕ್ರದಂತೆ ತಿರುಗುವುದು. ಕಲಿಯುಗ ಮುಗಿದರೆ ಮತ್ತೆ ಕೃತಯುಗ. ಕ್ರೈಸ್ತರ ಕಾಲವಾದರೋ ಬಾಣದಂತೆ ಒಂದೇ ಗುರಿಗೆ ಹೋಗುವುದು. ಒಂದು ಸೃಷ್ಟಿ, ಒಂದು ಚರಿತ್ರೆ, ಒಂದು ತೀರ್ಪು. ಒಮ್ಮೆ ಮಾತ್ರ ಬರುವ ದಿನವಾದುದರಿಂದಲೇ ‘ಅದು ಯಾವಾಗ?’ ಎಂಬ ಪ್ರಶ್ನೆಗೆ ಅಷ್ಟೊಂದು ತೀಕ್ಷ್ಣತೆ ಬಂದಿತು.

ತಡವಾದ ಬರವು

ಮೊದಲ ತಲೆಮಾರಿನ ಕ್ರೈಸ್ತರು ತಮ್ಮ ಜೀವಮಾನದಲ್ಲಿಯೇ ಕ್ರಿಸ್ತನು ಬರುವನೆಂದು ಎದುರುನೋಡಿದರು. ಪೌಲನು ಕ್ರಿ. ಶ. ೫೦ರ ಸುಮಾರಿಗೆ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಒಂದು ಕರುಣಾಜನಕ ಪ್ರಶ್ನೆಯಿದೆ. ಕಾಯುತ್ತಿರುವಾಗಲೇ ನಮ್ಮವರಲ್ಲಿ ಕೆಲವರು ತೀರಿಕೊಂಡರಲ್ಲ, ಅವರ ಗತಿಯೇನು, ಅವರು ಆ ದಿನವನ್ನು ಕಾಣದೆ ಹೋದರೇ ಎಂದು ಆ ಜನ ಕಳವಳಗೊಂಡಿದ್ದರು. ಸತ್ತವರೇ ಮೊದಲು ಎದ್ದುಬರುವರೆಂದು ಪೌಲನು ಸಮಾಧಾನ ಹೇಳುತ್ತಾನೆ. ಆ ದಿನವು ರಾತ್ರಿಯ ಕಳ್ಳನಂತೆ ತಿಳಿಸದೆ ಬರುವುದೆಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಪೌಲನ ಹೆಸರಿನಲ್ಲಿರುವ ಎರಡನೆಯ ಪತ್ರದಲ್ಲಿ ಮತ್ತೊಂದು ತೊಡಕು ಕಾಣುವುದು. ಕೆಲವರು ದುಡಿಮೆಯನ್ನು ಬಿಟ್ಟು ಸುಮ್ಮನೆ ತಿರುಗುತ್ತಿದ್ದರು. ಅಂಥವರು ತಮ್ಮ ಅನ್ನವನ್ನು ತಾವೇ ದುಡಿದು ಉಣ್ಣಬೇಕೆಂದು ಪತ್ರವು ಖಂಡಿತವಾಗಿ ವಿಧಿಸುತ್ತದೆ. ಲೋಕವೇ ಮುಗಿಯುವಾಗ ದುಡಿಯುವುದೇಕೆ ಎಂಬ ಭಾವನೆ ಇದರ ಹಿಂದೆ ಇದ್ದಿರಬಹುದೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಗೆಯದೆ ಬಿಟ್ಟ ಆಲೂಗೆಡ್ಡೆಯ ಪ್ರಶ್ನೆ ಹೀಗೆ ೧೮೪೪ಕ್ಕಿಂತ ಬಹು ಹಿಂದಿನದು.

ಬೈಬಲ್ಲಿನ ಕೊನೆಯ ಗ್ರಂಥವಾದ ‘ಪ್ರಕಟನೆ’ಯು ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನೆಂಬವನ ದರ್ಶನಗಳನ್ನು ಹೇಳುವುದು. ಅದರ ಇಪ್ಪತ್ತನೆಯ ಅಧ್ಯಾಯದಲ್ಲಿ ಸೈತಾನನು ಸಾವಿರ ವರ್ಷ ಬಂಧನದಲ್ಲಿರುವನೆಂದೂ ಆ ಅವಧಿಯಲ್ಲಿ ಕ್ರಿಸ್ತನೊಡನೆ ಭಕ್ತರು ಆಳುವರೆಂದೂ ಇದೆ. ಈ ಸಾವಿರ ವರ್ಷಗಳು ವ್ಯಾಖ್ಯಾನಕಾರರನ್ನು ಮೂರು ದಾರಿ ಹಿಡಿಸಿದುವು. ಕ್ರಿಸ್ತನು ಬಂದ ಮೇಲೆ ಸಹಸ್ರಮಾನ ಆರಂಭವಾಗುವುದೆಂಬುದು ಮೊದಲನೆಯ ಪಕ್ಷ. ಎರಡನೆಯ ಶತಮಾನದ ಜಸ್ಟಿನ್, ಐರೇನಿಯಸ್ ಮೊದಲಾದವರು ಈ ಮತದವರು. ಸುವಾರ್ತೆ ಹಬ್ಬಿ ಲೋಕ ಕ್ರಮೇಣ ಸುಧಾರಿಸಿ ಸಹಸ್ರಮಾನ ನಡೆದ ಮೇಲೆ ಕ್ರಿಸ್ತನು ಬರುವನೆಂಬುದು ಎರಡನೆಯ ಪಕ್ಷ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇದಕ್ಕೆ ಬಹಳ ಬೆಂಬಲವಿತ್ತು. ಸಾವಿರ ಎಂಬುದು ಸಂಕೇತ ಮಾತ್ರ, ಕ್ರಿಸ್ತನ ಮೊದಲ ಬರವಿನಿಂದ ಕೊನೆಯ ಬರವಿನ ತನಕ ಇರುವ ಧರ್ಮಸಭೆಯ ಕಾಲವೇ ಅದು ಎಂಬುದು ಮೂರನೆಯ ಪಕ್ಷ.

ಈ ಮೂರನೆಯ ಪಕ್ಷವನ್ನು ಬಲಪಡಿಸಿದವನು ಸಂತ ಅಗಸ್ಟೀನ್. ೪೧೦ರಲ್ಲಿ ಅಲಾರಿಕನ ಸೈನ್ಯವು ರೋಮ್ ನಗರವನ್ನು ಸೂರೆಗೊಂಡಾಗ ಇನ್ನು ಲೋಕಾಂತ್ಯವೇ ಸರಿ ಎಂದು ಹಲವರು ಭಾವಿಸಿದರು. ಅಗಸ್ಟೀನನು ೪೧೩ರಿಂದ ೪೨೬ರವರೆಗೆ ಬರೆದ ‘ದೇವನಗರಿ’ ಎಂಬ ಮಹಾಗ್ರಂಥದ ಇಪ್ಪತ್ತನೆಯ ಸಂಪುಟದಲ್ಲಿ ಅಂತಿಮ ತೀರ್ಪನ್ನು ವಿಚಾರಮಾಡಿದನು. ತೀರ್ಪು ಬರುವುದು ನಿಶ್ಚಯ. ವರ್ಷಗಳನ್ನು ಎಣಿಸುವುದು ಮನುಷ್ಯರ ಕೆಲಸವಲ್ಲ ಎಂಬುದು ಅವನ ನಿಲುವು. ಪಶ್ಚಿಮದ ಕ್ರೈಸ್ತಲೋಕ ಬಹುಕಾಲ ಅವನ ದಾರಿಯಲ್ಲಿಯೇ ನಡೆಯಿತು.

ಹಾಗೆಂದು ತೀರ್ಪಿನ ಭಯವೇನೂ ತಗ್ಗಲಿಲ್ಲ. ಮಧ್ಯಯುಗದ ಚರ್ಚುಗಳ ಬಾಗಿಲ ಮೇಲೆ ಆತ್ಮಗಳನ್ನು ತಕ್ಕಡಿಯಲ್ಲಿ ತೂಗುವ ದೃಶ್ಯಗಳನ್ನು ಕೆತ್ತಿದರು. ಫ್ರಾನ್ಸಿನ ಓತನ್ ನಗರದ ಕೆತ್ತನೆ ಇದಕ್ಕೆ ಪ್ರಸಿದ್ಧ ನಿದರ್ಶನ. ಮೈಕೆಲೆಂಜೆಲೊ ೧೫೩೬ರಿಂದ ೧೫೪೧ರವರೆಗೆ ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ಅಂತಿಮ ತೀರ್ಪನ್ನು ಚಿತ್ರಿಸಿದನು. ಚಿತ್ರದ ನಡುವೆ ಕ್ರಿಸ್ತನು ಕೈಯೆತ್ತಿ ನಿಂತಿದ್ದಾನೆ. ಒಂದು ಕಡೆ ಜನ ಮೇಲಕ್ಕೇರುತ್ತಿದ್ದಾರೆ, ಇನ್ನೊಂದು ಕಡೆ ಕೆಳಕ್ಕೆ ಉರುಳುತ್ತಿದ್ದಾರೆ. ಸಂತ ಬಾರ್ತೊಲೊಮಾಯನು ಹಿಡಿದ ಸುಲಿದ ಚರ್ಮದಲ್ಲಿ ಕಾಣುವ ಮುಖ ಚಿತ್ರಕಾರನದೇ ಎಂದು ವಿಮರ್ಶಕರು ಗುರುತಿಸಿದ್ದಾರೆ. ಪೋಪನ ಪ್ರಾರ್ಥನಾಮಂದಿರದಲ್ಲಿಯೇ ಚಿತ್ರಕಾರನು ತನ್ನನ್ನೂ ಆರೋಪಿಗಳ ಸಾಲಿನಲ್ಲಿ ಸೇರಿಸಿಕೊಂಡನೆಂಬುದು ಗಮನಾರ್ಹ.

ಸತ್ತೊಡನೆ ಪ್ರತಿಯೊಬ್ಬನಿಗೂ ತೀರ್ಪಾಗುವುದಾದರೆ ಕೊನೆಗೆ ಮತ್ತೊಂದು ತೀರ್ಪು ಏಕೆ ಎಂಬ ಶಂಕೆಯೂ ಹುಟ್ಟಿತು. ಹದಿನಾಲ್ಕನೆಯ ಶತಮಾನದಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನನ ಉಪದೇಶಗಳಿಂದ ದೊಡ್ಡ ವಿವಾದವೇ ಎದ್ದಿತು. ಅವನ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟನು ೧೩೩೬ರಲ್ಲಿ ಅದನ್ನು ಇತ್ಯರ್ಥಗೊಳಿಸಿದನು. ಒಬ್ಬೊಬ್ಬನ ಆತ್ಮಕ್ಕೆ ಮರಣಾನಂತರವೇ ಗತಿಯುಂಟು. ಆದರೂ ಕೊನೆಯ ದಿನ ಎಲ್ಲರೂ ಶರೀರದೊಡನೆ ಎದ್ದು ಕ್ರಿಸ್ತನ ಮುಂದೆ ನಿಲ್ಲುವರು ಎಂದು ಕ್ಯಾಥೊಲಿಕರು ಬೋಧಿಸುತ್ತಾರೆ. ಮನುಷ್ಯನು ಮಾಡಿದ ಒಳಿತು ಕೆಡಕುಗಳ ಫಲ ಅವನೊಡನೆ ಸಾಯುವುದಿಲ್ಲ, ಅದು ಮುಂದಿನ ತಲೆಮಾರುಗಳಿಗೂ ಹರಿಯುತ್ತದೆ. ಆದುದರಿಂದ ಪೂರ್ಣ ಲೆಕ್ಕವು ಚರಿತ್ರೆ ಮುಗಿದ ಮೇಲೆಯೇ ಸಿಕ್ಕೀತು ಎಂಬ ಅವರ ವಿವರಣೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ಬಹಳ ಹಿಡಿಸಿತು.

ಮಿಲ್ಲರನ ಲೆಕ್ಕ

ಇನ್ನು ೧೮೪೪ಕ್ಕೆ ಬರೋಣ. ವಿಲಿಯಂ ಮಿಲ್ಲರನು ೧೭೮೨ರಲ್ಲಿ ಹುಟ್ಟಿ ನ್ಯೂಯಾರ್ಕ್ ಸಂಸ್ಥಾನದ ಲೋ ಹ್ಯಾಂಪ್ಟನ್ನಿನಲ್ಲಿ ಬೆಳೆದ ಒಬ್ಬ ರೈತ. ಯೌವನದಲ್ಲಿ ಅವನಿಗೆ ಬೈಬಲ್ಲಿನಲ್ಲಿ ನಂಬಿಕೆ ಇರಲಿಲ್ಲ. ದೇವರು ಲೋಕವನ್ನು ನಿರ್ಮಿಸಿ ದೂರ ಸರಿದಿದ್ದಾನೆಂಬ ವಿಚಾರವಾದಿಗಳ ಮತವನ್ನು ಹಿಡಿದಿದ್ದನು. ೧೮೧೨ರಲ್ಲಿ ಮೊದಲಾದ ಬ್ರಿಟಿಷ್-ಅಮೆರಿಕನ್ ಯುದ್ಧದಲ್ಲಿ ಕ್ಯಾಪ್ಟನ್ನನಾಗಿ ಹೋರಾಡಿ, ೧೮೧೪ರಲ್ಲಿ ಪ್ಲ್ಯಾಟ್ಸ್‌ಬರ್ಗಿನ ಕಾಳಗವನ್ನು ಕಂಡನು. ಸಾವನ್ನು ಹತ್ತಿರದಿಂದ ನೋಡಿ ಬಂದವನಿಗೆ ತನ್ನ ಹಳೆಯ ಮತ ಸಾಲದೆಂದು ತೋರಿತು. ೧೮೧೬ರಲ್ಲಿ ಮನಸ್ಸು ತಿರುಗಿ ಬ್ಯಾಪ್ಟಿಸ್ಟ್ ಕ್ರೈಸ್ತನಾದನು. ಹಳೆಯ ಗೆಳೆಯರ ಟೀಕೆಗೆ ಉತ್ತರ ಕೊಡಬೇಕೆಂದು ಬೈಬಲ್ಲನ್ನು ಮೊದಲಿನಿಂದ ವಾಕ್ಯ ವಾಕ್ಯವಾಗಿ ಓದತೊಡಗಿದನು. ಕೈಯಲ್ಲಿದ್ದ ಸಾಧನವೆಂದರೆ ಒಂದು ಪದಸೂಚಿ ಮಾತ್ರ.

ಎರಡು ವರ್ಷದ ಓದಿನಲ್ಲಿ ಅವನ ಮನಸ್ಸು ದಾನಿಯೇಲನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ನೆಟ್ಟಿತು. ಎರಡು ಸಾವಿರದ ಮುನ್ನೂರು ದಿನಗಳಾದ ಮೇಲೆ ಪವಿತ್ರಾಲಯವು ಶುದ್ಧಿಯಾಗುವುದೆಂದು ಅಲ್ಲಿದೆ. ಮಿಲ್ಲರನು ಮೂರು ಹೆಜ್ಜೆ ಇಟ್ಟನು. ಮೊದಲನೆಯದು, ಪ್ರವಾದನೆಯ ಒಂದು ದಿನವೆಂದರೆ ಒಂದು ವರ್ಷ. ಎರಡನೆಯದು, ಪವಿತ್ರಾಲಯವೆಂದರೆ ಈ ಭೂಮಿ, ಶುದ್ಧಿಯೆಂದರೆ ಕ್ರಿಸ್ತನ ಬರವಿನಲ್ಲಿ ಅದು ಬೆಂಕಿಯಿಂದ ಪರಿಷ್ಕಾರವಾಗುವುದು. ಮೂರನೆಯದು, ಎಣಿಕೆಯ ಆರಂಭ ಕ್ರಿ. ಪೂ. ೪೫೭; ಪಾರಸಿಕ ದೊರೆ ಅರ್ತಕ್ಷಸ್ತನು ಯೆರೂಸಲೇಮಿನ ವಿಷಯವಾಗಿ ಎಜ್ರನಿಗೆ ಆಜ್ಞೆ ಕೊಟ್ಟ ವರ್ಷ ಅದು. ೨೩೦೦ರಲ್ಲಿ ೪೫೭ ಕಳೆದರೆ ಉಳಿಯುವುದು ೧೮೪೩. ೧೮೧೮ರಲ್ಲಿ ಈ ಲೆಕ್ಕ ಮುಗಿದಾಗ ಲೋಕಕ್ಕೆ ಇನ್ನು ಇಪ್ಪತ್ತೈದು ವರ್ಷ ಮಾತ್ರ ಎಂದು ಅವನಿಗೆ ತೋರಿತು.

ಅವನು ಆತುರದ ಮನುಷ್ಯನಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಹದಿಮೂರು ವರ್ಷ ತನ್ನ ಲೆಕ್ಕವನ್ನು ತಾನೇ ತಿರುತಿರುಗಿ ಪರೀಕ್ಷಿಸಿ, ೧೮೩೧ರಲ್ಲಿ ಮೊದಲ ಬಾರಿ ಸಾರ್ವಜನಿಕವಾಗಿ ಉಪದೇಶಿಸಿದನು. ೧೮೩೩ ನವೆಂಬರ್ ೧೩ರ ರಾತ್ರಿ ಅಮೆರಿಕದ ಆಕಾಶದಲ್ಲಿ ಉಲ್ಕೆಗಳ ಮಳೆಯೇ ಸುರಿಯಿತು. ನಕ್ಷತ್ರಗಳು ಉದುರುವುವೆಂಬ ಸುವಾರ್ತೆಯ ಮಾತು ಫಲಿಸಿತೆಂದು ಜನ ಅಂದುಕೊಂಡರು. ೧೮೩೭ರ ಹಣಕಾಸಿನ ಮುಗ್ಗಟ್ಟಿನಲ್ಲಿ ಬ್ಯಾಂಕುಗಳು ಮುರಿದು ಲೋಕದ ಭದ್ರತೆಯಲ್ಲಿ ಜನರಿಗೆ ಭರವಸೆ ತಪ್ಪಿತು. ಆಮೇಲೆ ಬಾಸ್ಟನ್ನಿನ ಪಾದ್ರಿ ಜೋಷುವ ಹೈಮ್ಸನು ಮಿಲ್ಲರನೊಡನೆ ಸೇರಿ ೧೮೪೦ರಲ್ಲಿ ಪತ್ರಿಕೆಯೊಂದನ್ನು ಹೊರಡಿಸಿದನು. ದೊಡ್ಡ ಡೇರೆಗಳಲ್ಲಿ ಸಭೆಗಳು ನಡೆದುವು. ದಾನಿಯೇಲನ ಮೃಗಗಳನ್ನೂ ಅಂಕಿಗಳನ್ನೂ ಬರೆದ ಪಟಗಳನ್ನು ತೂಗುಹಾಕಿ ಪಾಠದಂತೆ ಬೋಧಿಸಿದರು. ಅನುಯಾಯಿಗಳು ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ಇದ್ದರೆಂದು ಇತಿಹಾಸಕಾರರು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ.

ಮಿಲ್ಲರನು ಮೊದಲು ದಿನವನ್ನು ಗೊತ್ತುಮಾಡಿರಲಿಲ್ಲ. ಯೆಹೂದ್ಯರ ಪಂಚಾಂಗದಂತೆ ೧೮೪೩ ಮಾರ್ಚ್ ೨೧ರಿಂದ ೧೮೪೪ ಮಾರ್ಚ್ ೨೧ರೊಳಗೆ ಎಂದು ಮಾತ್ರ ಹೇಳಿದ್ದನು. ಆ ಗಡುವು ಸುಮ್ಮನೆ ಕಳೆಯಿತು. ಲೆಕ್ಕದಲ್ಲಿಯೇ ಒಂದು ತಪ್ಪಿದೆಯೆಂದು ಆಗ ಹೊಳೆಯಿತು. ಕ್ರಿ. ಪೂ. ೧ರ ಮರುವರ್ಷವೇ ಕ್ರಿ. ಶ. ೧, ನಡುವೆ ಸೊನ್ನೆಯೆಂಬ ವರ್ಷವಿಲ್ಲ. ಆದುದರಿಂದ ೨೩೦೦ ವರ್ಷ ಪೂರ್ಣವಾಗುವುದು ೧೮೪೩ರಲ್ಲಿ ಅಲ್ಲ, ೧೮೪೪ರಲ್ಲಿ! ಆ ವರ್ಷದ ಆಗಸ್ಟಿನಲ್ಲಿ ನ್ಯೂ ಹ್ಯಾಂಪ್‌ಷೈರಿನ ಎಕ್ಸೆಟರಿನಲ್ಲಿ ಸೇರಿದ ಶಿಬಿರದಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬವನು ಇನ್ನೂ ಮುಂದೆ ಹೋದನು. ಯೆಹೂದ್ಯರ ಏಳನೆಯ ತಿಂಗಳ ಹತ್ತನೆಯ ದಿನ ಪ್ರಾಯಶ್ಚಿತ್ತದ ದಿನ. ಮಹಾಯಾಜಕನು ಗರ್ಭಗುಡಿಯಿಂದ ಹೊರಬರುವಂತೆ ಕ್ರಿಸ್ತನೂ ಅಂದೇ ಹೊರಬರುವನು. ಕರಾಯಿಟ್ ಯೆಹೂದ್ಯರ ಗಣನೆಯಂತೆ ಅದು ಅಕ್ಟೋಬರ್ ೨೨ ಎಂದು ಅವನು ಸಾಧಿಸಿದನು. ಈ ದಿನವನ್ನು ಮಿಲ್ಲರನು ಒಪ್ಪಿದ್ದು ಅಕ್ಟೋಬರಿನ ಮೊದಲ ವಾರದಲ್ಲಿ. ಅಷ್ಟರಲ್ಲಿ ಚಳವಳಿ ಅವನ ಕೈಮೀರಿತ್ತು.

ಬಾರದ ದಿನ

ಆ ದಿನ ಬಂದಿತು. ಸಾಲವಿದ್ದವರು ಸಾಲ ತೀರಿಸಿದರು; ಜಗಳವಾಡಿದವರು ಒಬ್ಬರನ್ನೊಬ್ಬರು ಕ್ಷಮೆ ಕೇಳಿದರು; ಅಂಗಡಿಗಳನ್ನು ಮುಚ್ಚಿದರು. ಮನೆಗಳಲ್ಲಿಯೂ ಸಭಾಮಂದಿರಗಳಲ್ಲಿಯೂ ಸೇರಿ ಪ್ರಾರ್ಥಿಸುತ್ತ ಕುಳಿತರು. ಬಿಳಿಯ ನಿಲುವಂಗಿ ತೊಟ್ಟು ಮನೆಯ ಮಾಡುಗಳನ್ನೇರಿ ನಿಂತಿದ್ದರೆಂಬ ಕಥೆ ಆಮೇಲೆ ಬಹಳ ಪ್ರಚಾರವಾಯಿತು. ಅದಕ್ಕೆ ನಂಬಬಹುದಾದ ಆಧಾರವಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ನಗುವವರಿಗೆ ಕಥೆ ಬೇಕಾಗಿತ್ತು, ಹುಟ್ಟಿಸಿಕೊಂಡರು. ರಾತ್ರಿ ಹನ್ನೆರಡು ಹೊಡೆಯಿತು. ಬೆಳಗಾಯಿತು. ಸೂರ್ಯ ಎಂದಿನಂತೆಯೇ ಹುಟ್ಟಿದನು.

ಚರಿತ್ರೆಯಲ್ಲಿ ಇದಕ್ಕೆ ‘ಮಹಾ ನಿರಾಶೆ’ ಎಂದು ಹೆಸರು. ಆ ನಿರಾಶೆ ತಾರೀಖು ತಪ್ಪಿದುದರದು ಮಾತ್ರವಲ್ಲ. ಮಕ್ಕಳನ್ನು ಮಣ್ಣುಮಾಡಿದ ತಾಯಂದಿರು ಆ ರಾತ್ರಿ ಮಕ್ಕಳು ಎದ್ದುಬರುವರೆಂದು ಕಾದಿದ್ದರೆಂಬುದನ್ನು ನೆನೆದರೆ ಅದರ ಆಳ ನಮಗೆ ತಿಳಿದೀತು. ಮರುದಿನ ಬೀದಿಯಲ್ಲಿ ನೆರೆಯವರು, ಇನ್ನೂ ಹೋಗಲಿಲ್ಲವೇ ಎಂದು ಅಣಕಿಸಿದರು. ಕೆಲವೆಡೆ ಪುಂಡರು ಅವರ ಸಭೆಗಳ ಮೇಲೆ ಬಿದ್ದರು. ದುಡಿಮೆ ಬಿಟ್ಟು ಕೈ ಬರಿದಾದವರಿಗೆ ನೆರವಾಗಬೇಕೆಂದು ಹೈಮ್ಸನು ಕರೆಯಿತ್ತನು. ಮಿಲ್ಲರನು ತಾನು ಕಾಲದ ಗಣನೆಯಲ್ಲಿ ತಪ್ಪಿದೆನೆಂದು ಬಹಿರಂಗವಾಗಿ ಒಪ್ಪಿಕೊಂಡನು. ಕ್ರಿಸ್ತನ ಬರವಿನಲ್ಲಿ ನಂಬಿಕೆಯನ್ನು ಮಾತ್ರ ಬಿಡಲಿಲ್ಲ. ಅವನ ಊರಿನ ಚರ್ಚು ಅವನನ್ನು ಹೊರಗೆ ಹಾಕಿತು. ೧೮೪೯ ಡಿಸೆಂಬರ್ ೨೦ರಂದು ಅವನು ತೀರಿಕೊಂಡನು.

ಚದುರಿಹೋದವರಲ್ಲಿ ಒಂದು ಸಣ್ಣ ಗುಂಪು ಬೇರೆ ಅರ್ಥವನ್ನು ಹುಡುಕಿತು. ಅಕ್ಟೋಬರ್ ೨೩ರ ಬೆಳಿಗ್ಗೆ ಹೈರಮ್ ಎಡ್ಸನ್ ಎಂಬ ರೈತನು ಜೋಳದ ಹೊಲವನ್ನು ಹಾದುಹೋಗುತ್ತಿದ್ದಾಗ, ಶುದ್ಧಿಯಾಗಬೇಕಾದ ಪವಿತ್ರಾಲಯವು ಭೂಮಿಯಲ್ಲ, ಸ್ವರ್ಗದಲ್ಲಿರುವುದು ಎಂದು ಅವನಿಗೆ ಹೊಳೆಯಿತಂತೆ. ಇದೇ ಎಳೆಯಿಂದ, ಎಲೆನ್ ವೈಟ್ ಮೊದಲಾದವರ ನೇತೃತ್ವದಲ್ಲಿ, ೧೮೬೩ರಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕಿನಲ್ಲಿ ಸೆವೆಂತ್-ಡೇ ಅಡ್ವೆಂಟಿಸ್ಟ್ ಚರ್ಚು ಸ್ಥಾಪಿತವಾಯಿತು. ಆಗ ಅದರ ಸದಸ್ಯರು ಸುಮಾರು ೩,೫೦೦; ಇಂದು ಲೋಕದಲ್ಲೆಲ್ಲ ಸೇರಿ ೨ ಕೋಟಿಗೂ ಮಿಕ್ಕಿದ್ದಾರೆ. ಅವರು ಮತ್ತೆ ತಾರೀಖು ಗೊತ್ತುಮಾಡಲು ಹೋಗಲಿಲ್ಲ. ಆಸ್ಪತ್ರೆಗಳನ್ನೂ ಶಾಲೆಗಳನ್ನೂ ಕಟ್ಟಿದರು. ಲೋಕ ಬೇಗ ಮುಗಿಯುವುದೆಂದು ನಂಬಿದವರು ಲೋಕದ ರೋಗಿಗಳಿಗಾಗಿ ಶಾಶ್ವತ ಕಟ್ಟಡಗಳನ್ನು ಕಟ್ಟಿದುದನ್ನು ವಿರೋಧವೆಂದು ಕೆಲವರು ಹೇಳಬಹುದು. ಅದು ವಿರೋಧವಲ್ಲವೆಂದು ನನಗೆ ಈಗ ತೋರುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮಿಲ್ಲರನ ಲೆಕ್ಕದಲ್ಲಿ ನಿಜವಾದ ದೋಷವೆಲ್ಲಿ? ಕೂಡಿಸಿ ಕಳೆಯುವುದರಲ್ಲಿ ಅಲ್ಲ. ಸೊನ್ನೆ ವರ್ಷದ ತಪ್ಪನ್ನು ತಿದ್ದಿಯೂ ಆಗಿತ್ತು. ದಾನಿಯೇಲನ ಗ್ರಂಥವು ಕ್ರಿ. ಪೂ. ಎರಡನೆಯ ಶತಮಾನದ ಸಂಕಟವನ್ನು ಕುರಿತದ್ದು, ಸಿರಿಯದ ದೊರೆ ನಾಲ್ಕನೆಯ ಆಂಟಿಯೋಕಸನು ೧೬೭ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದುದೂ ೧೬೪ರಲ್ಲಿ ಅದು ಶುದ್ಧಿಯಾದುದೂ ಆ ಮಾತುಗಳ ಹಿನ್ನೆಲೆ ಎಂದು ಇಂದಿನ ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಅವನು ತನಗಾಗಿ ಬರೆಯದ ಪತ್ರವನ್ನು ತನ್ನ ವಿಳಾಸಕ್ಕೆ ಬಂದುದೆಂದು ಒಡೆದು ಓದಿದಂತಾಯಿತು. ಇದಕ್ಕಿಂತ ದೊಡ್ಡ ದೋಷ ಮತ್ತೊಂದಿದೆ. ಆ ದಿನವಾಗಲಿ ಗಳಿಗೆಯಾಗಲಿ ದೇವದೂತರಿಗೂ ತಿಳಿಯದು, ತನಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎಂದು ಯೇಸುವೇ ಹೇಳಿದನೆಂದು ಮಾರ್ಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿದೆ. ಬೈಬಲ್ಲನ್ನು ಅಕ್ಷರಶಃ ನಂಬಿದವರೇ ಆ ಒಂದು ಮಾತನ್ನು ದಾಟಿ ಹೋದರು. ಈ ಚಪಲ ಹಳೆಯ ಕಾಲದ್ದೆಂದು ತಿಳಿಯಬಾರದು. ಕ್ಯಾಲಿಫೋರ್ನಿಯದ ರೇಡಿಯೊ ಪ್ರಚಾರಕ ಹೆರಾಲ್ಡ್ ಕ್ಯಾಂಪಿಂಗನು ೨೦೧೧ ಮೇ ೨೧ನ್ನು ಗೊತ್ತುಮಾಡಿ, ಅದು ತಪ್ಪಿದಾಗ ಅಕ್ಟೋಬರ್ ೨೧ಕ್ಕೆ ಮುಂದೂಡಿದನು. ಅವನ ಮಾತನ್ನು ನಂಬಿದ ಕೆಲವರು ತಮ್ಮ ಉಳಿತಾಯವನ್ನು ಜಾಹೀರಾತುಗಳಿಗೆ ಸುರಿದರು. ದಿನ ಹೇಳಲು ಹೋದದ್ದೇ ಪಾಪವೆಂದು ಅವನು ೨೦೧೨ರಲ್ಲಿ ಒಪ್ಪಿಕೊಂಡನು.

ತೀರ್ಪಿನ ಪ್ರಶ್ನೆಗಳು

ನಮಗೆ ವಿದ್ಯಾರ್ಥಿಗಳಿಗೆ ಪರೀಕ್ಷೆಯ ದಿನ ಮೊದಲೇ ತಿಳಿದಿರುವುದು. ಪ್ರಶ್ನೆಗಳು ಮಾತ್ರ ತಿಳಿಯವು. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯವನ್ನು ಓದುವಾಗ, ಕ್ರೈಸ್ತರ ಅಂತಿಮ ಪರೀಕ್ಷೆ ಇದಕ್ಕೆ ತಿರುವುಮುರುವಾದುದೆಂದು ನನಗೆ ಕಂಡಿತು. ಅಲ್ಲಿ ದಿನ ತಿಳಿಯದು. ಪ್ರಶ್ನೆಪತ್ರಿಕೆ ಮಾತ್ರ ಎರಡು ಸಾವಿರ ವರ್ಷಗಳಿಂದ ಬಹಿರಂಗವಾಗಿದೆ.

ಆ ಅಧ್ಯಾಯದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೋದ ಹತ್ತು ಮಂದಿ ಕನ್ಯೆಯರ ಸಾಮ್ಯ. ಮದಲಿಂಗನು ತಡಮಾಡುತ್ತಾನೆ, ಎಲ್ಲರಿಗೂ ನಿದ್ದೆ ಹತ್ತುತ್ತದೆ, ಐವರ ಬಳಿ ಮಾತ್ರ ಎಣ್ಣೆ ಉಳಿದಿದೆ. ಎರಡನೆಯದರಲ್ಲಿ ಯಜಮಾನನು ಆಳುಗಳಿಗೆ ಹಣ ಒಪ್ಪಿಸಿ ದೂರದೇಶಕ್ಕೆ ಹೋಗುತ್ತಾನೆ. ದುಡಿಸಿದವರು ಮೆಚ್ಚುಗೆ ಪಡೆಯುತ್ತಾರೆ, ಹೆದರಿ ಹಣವನ್ನು ನೆಲದಲ್ಲಿ ಹೂತವನು ಹೊರಗಾಗುತ್ತಾನೆ. ಮೂರನೆಯದೇ ಅಂತಿಮ ತೀರ್ಪಿನ ಚಿತ್ರ. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ರಾಜನು ಜನಾಂಗಗಳನ್ನು ಎರಡು ಪಾಲು ಮಾಡುತ್ತಾನೆ. ಅವನು ಕೇಳುವುದು ಆರು ವಿಷಯ: ಹಸಿದವನಿಗೆ ಅನ್ನವಿಟ್ಟಿರಾ, ಬಾಯಾರಿದವನಿಗೆ ನೀರು ಕೊಟ್ಟಿರಾ, ಪರದೇಶಿಯನ್ನು ಸೇರಿಸಿಕೊಂಡಿರಾ, ಬಟ್ಟೆಯಿಲ್ಲದವನಿಗೆ ಉಡಿಸಿದಿರಾ, ರೋಗಿಯನ್ನು ಆರೈಕೆ ಮಾಡಿದಿರಾ, ಸೆರೆಯವನನ್ನು ನೋಡಹೋದಿರಾ? ಇವರಿಗೆ ಮಾಡಿದುದೆಲ್ಲ ತನಗೇ ಮಾಡಿದುದೆಂದು ರಾಜನು ಹೇಳುತ್ತಾನೆ.

ಈ ಭಾಗದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು, ಎರಡು ಪಾಲಿನವರೂ ಆಶ್ಚರ್ಯಪಡುವುದು. ಮಾಡಿದವರಿಗೂ ತಾವು ಯಾರಿಗೆ ಮಾಡಿದೆವೆಂದು ತಿಳಿದಿರಲಿಲ್ಲ. ಮಾಡದವರಿಗೂ ಯಾರಿಗೆ ಮಾಡಲಿಲ್ಲವೆಂದು ತಿಳಿದಿರಲಿಲ್ಲ. ಪರೀಕ್ಷೆ ನಡೆಯುತ್ತಿದೆಯೆಂಬ ಅರಿವೇ ಇಲ್ಲದೆ ಉತ್ತರ ಬರೆದವರು ಉತ್ತೀರ್ಣರಾದರು. ಇದರ ವ್ಯಾಖ್ಯಾನದಲ್ಲಿ ಮತಭೇದಗಳುಂಟು. ಅಲ್ಲಿ ಹೇಳಿದ ಅಲ್ಪರೆಂದರೆ ಲೋಕದ ಬಡವರೆಲ್ಲರೂ ಎಂದು ಕೆಲವರು, ಕ್ರಿಸ್ತನ ಶಿಷ್ಯರು ಮಾತ್ರ ಎಂದು ಕೆಲವರು. ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದ, ಸತ್ಕ್ರಿಯೆಗಳು ಅದರ ಫಲ ಎಂದು ಪ್ರೊಟೆಸ್ಟೆಂಟರು ವಿವರಿಸುತ್ತಾರೆ. ಹೇಗೆ ಅರ್ಥಮಾಡಿದರೂ ರಾಜನ ಪ್ರಶ್ನೆಗಳಲ್ಲಿ ತಾರೀಖಿನ ಪ್ರಸ್ತಾಪವೇ ಇಲ್ಲ. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ, ಕೊಟ್ಟ ಕೆಲಸವನ್ನು ಮಾಡುತ್ತಿರುವುದು ಎಂದು ಮೂರು ಭಾಗಗಳೂ ಸೇರಿ ಹೇಳುತ್ತವೆ. ಅಡ್ವೆಂಟಿಸ್ಟರ ಆಸ್ಪತ್ರೆಗಳಲ್ಲಿ ವಿರೋಧವಿಲ್ಲವೆಂದು ನಾನು ಹೇಳಿದುದು ಈ ಕಾರಣಕ್ಕೆ. ರೋಗಿಯ ಆರೈಕೆ ಪ್ರಶ್ನೆಪತ್ರಿಕೆಯಲ್ಲಿಯೇ ಇದೆ.

ಅಮೆರಿಕದ ಇತಿಹಾಸದಲ್ಲಿಯೇ ಇದಕ್ಕೆ ಒಂದು ಒಳ್ಳೆಯ ದೃಷ್ಟಾಂತ ಸಿಕ್ಕಿತು. ೧೭೮೦ ಮೇ ೧೯ರಂದು ನ್ಯೂ ಇಂಗ್ಲೆಂಡಿನಲ್ಲಿ ಹಾಡುಹಗಲೇ ಕತ್ತಲಾಯಿತು. ಕಾಡುಗಿಚ್ಚಿನ ಹೊಗೆ ಅದಕ್ಕೆ ಕಾರಣವೆಂದು ಈಗ ತಿಳಿದಿದೆ. ಅಂದು ಜನ ತೀರ್ಪಿನ ದಿನವೇ ಬಂದಿತೆಂದು ನಡುಗಿದರು. ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿನಲ್ಲಿ ಶಾಸನಸಭೆ ಸೇರಿತ್ತು. ಕೆಳಮನೆ ಕಲಾಪವನ್ನು ನಿಲ್ಲಿಸಿತು. ಮೇಲಿನ ಸಭೆಯಲ್ಲಿಯೂ ಅದೇ ಸೂಚನೆ ಬಂದಿತು. ಆಗ ಏಬ್ರಹಾಂ ಡ್ಯಾವನ್‌ಪೋರ್ಟ್ ಎಂಬ ಸದಸ್ಯನು ಅದನ್ನು ಒಪ್ಪಲಿಲ್ಲ. ಇದು ತ��ರ್ಪಿನ ದಿನವಲ್ಲವಾದರೆ ಸಭೆ ಮುಂದೂಡಲು ಕಾರಣವಿಲ್ಲ, ಹೌದಾದರೆ ತನ್ನ ಕರ್ತವ್ಯವನ್ನು ಮಾಡುತ್ತಿರುವಾಗಲೇ ದೇವರು ತನ್ನನ್ನು ಕಾಣಲಿ ಎಂಬ ಅಭಿಪ್ರಾಯ ಕೊಟ್ಟು, ಮೇಣದ ಬತ್ತಿಗಳನ್ನು ತರಿಸಬೇಕೆಂದು ಸೂಚಿಸಿದನು. ಅವನೂ ಅಂತಿಮ ತೀರ್ಪನ್ನು ನಂಬಿದವನೇ. ಆ ನಂಬಿಕೆಯೇ ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೆಲಸ ಮಾಡಿಸಿತು.

ಈ ಲೇಖನದ ಕರಡನ್ನು ನನ್ನ ಮಿತ್ರನಿಗೆ ತೋರಿಸಿದೆ. ಅವನು ಒಂದೇ ಒಂದು ತಿದ್ದುಪಡಿ ಮಾಡಿದ. ಆರಂಭದಲ್ಲಿ ನಾನು ಆ ದಿನವನ್ನು ‘ಭಯಂಕರ ದಿನ’ ಎಂದು ಬರೆದಿದ್ದೆ. ಅವನು ಆ ವಿಶೇಷಣವನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಮರನಾಥ’ ಎಂದು ಬರೆದ. ತಪ್ಪು ಮಾಡಿದವರಿಗೆ ಭಯವಿರಬೇಕಾದುದೇ; ಆದರೆ ಯಾವ ನ್ಯಾಯಾಲಯದಲ್ಲಿಯೂ ನ್ಯಾಯ ಸಿಕ್ಕದೆ ಸತ್ತವರಿಗೆ ಅದು ಅಹವಾಲು ಕೇಳುವ ದಿನ, ಹೆದರುವವನು ಬಾ ಎಂದು ಪ್ರಾರ್ಥಿಸುವುದಿಲ್ಲ ಎಂದು ವಿವರಿಸಿದ. ನಾನು ಆ ತಿದ್ದುಪಡಿಯನ್ನು ಹಾಗೆಯೇ ಒಪ್ಪಿಕೊಂಡೆ.

ಅವನ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ತಾರೀಖು ತಪ್ಪು, ಆಸೆ ನಗತಕ್ಕದ್ದಲ್ಲ. ನ್ಯೂ ಹ್ಯಾಂಪ್‌ಷೈರಿನ ಆ ರೈತರನ್ನು ನೆನೆದರೆ ಈಗ ನನಗೆ ನಗು ಬರುವುದಿಲ್ಲ. ಅಕ್ಟೋಬರ್ ೨೩ರ ಬೆಳಿಗ್ಗೆ ನೆರೆಯವರಲ್ಲಿ ಯಾರಾದರೂ ಗುದ್ದಲಿ ಹಿಡಿದು ಹೋಗಿ, ಅವರೊಡನೆ ನಿಂತು ಆ ಆಲೂಗೆಡ್ಡೆಯನ್ನು ಅಗೆದುಕೊಟ್ಟರೇ ಎಂದು ಕೇಳಬೇಕೆನಿಸುತ್ತದೆ.